ಬೆನಕಪ್ಪನ ಅಳತೆ ಟೇಪು

ಬೀರೂರಿನ ಸ್ಟೇಷನ್ ರಸ್ತೆಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡ ಟೈಲರ್ ಬೆನಕಪ್ಪನ ಹೊಟ್ಟೆನೋವು ಎರಡು ವರ್ಷ ಇಡೀ ಊರಿನ ಸ್ವತ್ತಾಗಿತ್ತು. ಬಟ್ಟೆ ಕೊಡಲು ಬಂದವರು ಒಂದೊಂದು ಕಾರಣವನ್ನೂ ಕೊಟ್ಟೇ ಹೋಗುತ್ತಿದ್ದರು: ಪೋರ್ಟರ್ ಓಬಳಪ್ಪನ ಪ್ರಕಾರ ಜಂತುಹುಳ, ಹೈಸ್ಕೂಲು ಮೇಷ್ಟರ ಪ್ರಕಾರ ಅಪೆಂಡಿಕ್ಸ್, ಪಕ್ಕದ ಮನೆಯ ವಿಶಾಲಾಕ್ಷಮ್ಮನವರ ಪ್ರಕಾರ ಯಾರದೋ ದೃಷ್ಟಿ. ಬೆನಕಪ್ಪ ಯಾರ ಮನಸ್ಸನ್ನೂ ನೋಯಿಸುವವನಲ್ಲ. “ಇದ್ರೂ ಇರ್ಬೌದು ಕಣ್ರೀ” ಎಂದು ಓಮದ ಕಷಾಯ, ಹರಳೆಣ್ಣೆ, ಗೋಲಿಸೋಡ ಎಲ್ಲವನ್ನೂ ಒಂದೇ ಹೊಟ್ಟೆಗೆ ಇಳಿಸಿ, ಮಧ್ಯಾಹ್ನದ ಊಟವನ್ನು ಮಾತ್ರ ಹೊಲಿಗೆಯ ಭರದಲ್ಲಿ ಮರೆತುಬಿಡುತ್ತಿದ್ದ. ದಿನಾ ಬೆಳಿಗ್ಗೆ ಬಾಗಿಲು ತೆಗೆದವನೇ ಕೊರಳಿನ ಟೇಪು ಇಳಿಸಿ ತನ್ನ ಸೊಂಟವನ್ನೇ ಅಳೆದುಕೊಳ್ಳುತ್ತಿದ್ದ. “ಏನಪ್ಪಾ ಮದುವೆ ಗಂಡು!” ಎಂದು ಎದುರು ಹೋಟೆಲಿನವರು ನಗುತ್ತಿದ್ದರು. ಹೆಂಡತಿ ತೀರ್ಥಮ್ಮ ಮಾತ್ರ ನಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಬೆಳೆದು ತೀರಿಕೊಂಡ ಅವನ ಅಪ್ಪನ ಅಂಗಿಗಳನ್ನು, ಆ ಕೊನೆಯ ವರ್ಷ ಮೈ ಇಳಿದಂತೆಲ್ಲ ಇದೇ ಟೇಪಿನಲ್ಲಿ ಅಳೆದು ಮೂರು ಸಲ ಬಿಗಿ ಮಾಡಿಕೊಟ್ಟವನು ಬೆನಕಪ್ಪನೇ ಎಂಬುದು ಅವಳಿಗೆ ಗೊತ್ತಿತ್ತು. ಕಡೆಗೆ ಅವಳೇ ಅವನನ್ನು ಶಿವಮೊಗ್ಗಕ್ಕೆ ಎಳೆದುಕೊಂಡು ಹೋದಳು. ಸುಣ್ಣದ ನೀರಿನಂಥ ಬಿಳಿಯದೇನೋ ಕುಡಿಸಿ ಎಕ್ಸ್‌ರೇ ತೆಗೆದ ಡಾಕ್ಟರು, “ಗಡ್ಡೆಗಿಡ್ಡೆ ಏನೂ ಇಲ್ಲ, ಬರೀ ಹುಣ್ಣು. ಹೊತ್ತೊತ್ತಿಗೆ ಉಣ್ಣಪ್ಪ” ಎಂದು ಮಾತ್ರೆ ಬರೆದುಕೊಟ್ಟರು. ಈಗ ತೀರ್ಥಮ್ಮ ಮುದ್ದೆ ಕಟ್ಟಿ ಕರೆದರೆ ಮಿಷನ್ನು ನಿಲ್ಲುತ್ತದೆ. ಮೊನ್ನೆ ಬೆಳಿಗ್ಗೆ ಟೇಪು ಸುತ್ತಿದವನು ಎರಡೆರಡು ಸಲ ನೋಡಿ, “ಲೇ ಇವ್ಳೇ, ಅರ್ಧ ಇಂಚು ಜಾಸ್ತಿ ಆಗೈತೆ ಕಣೇ!” ಎಂದು ಕೂಗಿದ. ಗಿರಾಕಿಗಳನ್ನು ಕಾಯಿಸಿ ತನ್ನ ಟೆರಿಕಾಟ್ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚತೊಡಗಿದಾಗ, “ಒಂದಿಂಚೇ ಬಿಡ್ರೀ, ಇನ್ನೂ ಉಣ್ಣೋದೈತೆ” ಎಂದು ತೀರ್ಥಮ್ಮ ನಕ್ಕುಬಿಟ್ಟಳು.