ಅತ್ತೆ ಇಳಿಸಿದ ಮೇನ್ ಸ್ವಿಚ್

ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿ ಸುಟ್ಟ ವೈರಿನ ವಾಸನೆ. ಎಲೆಕ್ಟ್ರಿಷಿಯನ್ ಬಂದು ಕಪ್ಪಾಗಿದ್ದ ಒಂದು ಸ್ವಿಚ್ ಬದಲಿಸಿ ಹೋದ. ನನ್ನ ಮೂಗಿನಿಂದ ಮಾತ್ರ ಆ ವಾಸನೆ ಮಧ್ಯಾಹ್ನವಾದರೂ ಹೋಗಲಿಲ್ಲ ನೋಡಿ.

ಎಪ್ಪತ್ತರ ದಶಕದಲ್ಲಿ ಅಕ್ಕಲಕೋಟದಿಂದ ಸೊಲ್ಲಾಪುರದ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದವಳು ನಾನು. ಅಂಗಳದ ಸುತ್ತ ಕೋಣೆಗಳಿದ್ದ ದೊಡ್ಡ ವಾಡೆ, ಮೂವರು ಅಣ್ಣತಮ್ಮಂದಿರ ಸಂಸಾರ, ಕೆಳಗೆ ಬಟ್ಟೆಯ ಗೋದಾಮು. ಇಷ್ಟಕ್ಕೂ ಒಂದೇ ಫ್ಯೂಜು. ತವರಿನಿಂದ ತಂದ ಇಸ್ತ್ರಿಪೆಟ್ಟಿಗೆ ಹಚ್ಚಿದರೆ ವಾಡೆಗೆ ವಾಡೆಯೇ ಕತ್ತಲು. ಹೊಸ ಸೊಸೆ ಓಣಿಗೆಲ್ಲ ಪರಿಚಯವಾದದ್ದು ಹೀಗೆ! ಬೇಸತ್ತ ದೊಡ್ಡ ಭಾವ ಫ್ಯೂಜಿಗೆ ದಪ್ಪ ತಂತಿ ಸುತ್ತಿದರು. ದೀಪ ಆರುವುದು ನಿಂತಿತು. ಆದರೆ ಕರಗಬೇಕಾದ ತೆಳು ತಂತಿಯೇ ಇಲ್ಲವಾಗಿ, ಗೋದಾಮಿನ ಗೋಡೆಯ ವೈರು ಹೊಗೆಯಾಡತೊಡಗಿತು.

ವೈರ್‌ಮನ್ ಹೊಸ ಬೋರ್ಡು ಕೂಡಿಸಿದ. ಮೇಲೊಂದು ಮೇನ್ ಸ್ವಿಚ್, ಕೆಳಗೆ ಸಂಸಾರಕ್ಕೊಂದು, ಗೋದಾಮಿಗೊಂದು ಫ್ಯೂಜು. ನನಗೆ ಖುಷಿಯೋ ಖುಷಿ. ಅತ್ತೆಯ ಮುಖ ಸಣ್ಣದಾಯಿತು. ಮಾವ ಹೋದ ಮೇಲೆ ಮನೆ ಒಡೆಯದಂತೆ ಕಾಯುವುದೊಂದೇ ಅವರ ಚಿಂತೆ.

“ಇವತ್ತ ವಾಯರ ಬ್ಯಾರಿ ಆತು, ನಾಳಿ ಒಲಿ ಬ್ಯಾರಿ ಆಗ್ತದ,” ಎಂದರು.

“ಹಂಗಲ್ರಿ ಆಯಿ, ಒಂದು ಕಡಿ ಬೆಂಕಿ ಹತ್ತಿದ್ರ ಇನ್ನೊಂದು ಕಡಿ ಹೋಗಬಾರ್ದಂತ ಹಿಂಗ ಮಾಡೂದು,” ಎಂದ ವೈರ್‌ಮನ್.

ಅತ್ತೆಯ ಮಾತು ಪೂರಾ ಸುಳ್ಳಾಗಲಿಲ್ಲ. ಕೋಣೆಕೋಣೆಗೆ ಫ್ಯಾನು ಬಂದವು. ಸೊಲ್ಲಾಪುರದ ಬೇಸಿಗೆ, ಊಟದ ತಾಟುಗಳೂ ಒಂದೊಂದಾಗಿ ಕೋಣೆ ಸೇರಿದವು. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಉಣ್ಣುತ್ತಿದ್ದರು. ಯಾರಿಗೂ ಅದು ಕಾಣಲಿಲ್ಲ, ನನಗೂ.

ಒಂದು ಸಂಜೆ ಊಟದ ಹೊತ್ತಿಗೆ ನಮ್ಮ ಫ್ಯೂಜು ಹೋಯಿತು, ನಮ್ಮದೊಂದೇ. ಗಂಡ ಅಂಗಡಿಯಿಂದ ಬಂದಿರಲಿಲ್ಲ. ಎದುರಿನ ಕೋಣೆಗಳಲ್ಲಿ ದೀಪ, ನಗು. ಕತ್ತಲಲ್ಲಿ ಕೂತವಳಿಗೆ ಅಳು ಬಂತು. ಅತ್ತೆ ಬಾಗಿಲಿಗೆ ಬಂದು ನೋಡಿದರು, ಸೀದಾ ಬೋರ್ಡಿನ ಬಳಿ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿಬಿಟ್ಟರು. ವಾಡೆಯೆಲ್ಲ ಕತ್ತಲು. ಭಾವಂದಿರು ಏನಾಯಿತೆಂದು ಹೊರಗೆ ಬಂದರು.

“ಒಬ್ಬಾಕಿ ಕತ್ತಲದಾಗ ಕುಂತಾಳ. ಎಲ್ಲಾರೂ ತಾಟ ತಗೊಂಡು ಅಂಗಳಕ್ಕ ಬರ್ರಿ.”

ಕಂದೀಲಿನ ಬೆಳಕಲ್ಲಿ ಎಲ್ಲರೂ ಒಟ್ಟಿಗೆ ಉಂಡೆವು. ಫ್ಯೂಜು ಕಟ್ಟುವ ಮುಂಚೆ ಮೇನ್ ಇಳಿಸಿದ್ದು ಒಳ್ಳೆಯದೇ ಆಯಿತೆಂದು ಮರುದಿನ ವೈರ್‌ಮನ್ ಮೆಚ್ಚಿಕೊಂಡ. ಅತ್ತೆ ಇರುವವರೆಗೂ ಒಲೆ ಒಂದೇ ಇತ್ತು. ಆಮೇಲೆ ಒಲೆಗಳು ಬೇರೆಯಾದವು, ಮನೆಗಳೂ. ಅದರಲ್ಲಿ ಬೋರ್ಡಿನ ತಪ್ಪೇನಿಲ್ಲ.

ಇಂದು ಸಂಜೆ, ಎಷ್ಟೋ ದಿನಗಳ ಮೇಲೆ, ದೊಡ್ಡ ನೆಗೆಣ್ಣಿಗೆ, ದೊಡ್ಡ ಭಾವನ ಹೆಂಡತಿಗೆ, ಫೋನು ಮಾಡಿ ಅಡುಗೆ ಏನೆಂದು ಕೇಳಿದೆ. ಆಕೆ ನನ್ನನ್ನೇ ತಿರುಗಿ ಕೇಳಿದರು.

“ಯಾಕವಾ, ನಿಮ್ಮ ಕಡಿ ಕರೆಂಟ ಹೋಗ್ಯದೇನು?”

ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಹೂಂ ಎಂದೆ.