ಪಕ್ಕದ ಹಾಸಿಗೆಯ ಧಣಿಗಳು ಮತ್ತು ಊರಿನ ವಾರ್ತೆ

ಅವರ ಎಡಗೈಯಲ್ಲಿ ಮೊಣಕೈಯಿಂದ ಮೇಲಕ್ಕೆ ಒಂದು ರಕ್ತನಾಳ ಹಗ್ಗದಂತೆ ಉಬ್ಬಿ ಸುತ್ತಿಕೊಂಡಿತ್ತು. ಬೆರಳಿಟ್ಟರೆ ಗುಂಯ್ ಎಂದು ನಡುಗುತ್ತಿತ್ತು. ಡಯಾಲಿಸಿಸ್‌ನ ದಪ್ಪ ಸೂಜಿಗಳನ್ನು ತಾಳಿಕೊಳ್ಳಲೆಂದು ಡಾಕ್ಟರು ಎರಡು ನಾಳಗಳನ್ನು ಸೇರಿಸಿ ಹೊಲಿದ ಜಾಗ ಅದು. ಮೊದಲ ದಿನ ನಾನು ಪಕ್ಕದ ಹಾಸಿಗೆಯಲ್ಲಿ ಅಳು ತಡೆದುಕೊಂಡು ಮಲಗಿದ್ದಾಗ ಅವರು ಆ ಕೈಯನ್ನು ನನ್ನತ್ತ ಚಾಚಿದರು.

"ಮುಟ್ಟಿ ನೋಡಿ, ಹೆದರ್ಬೇಡಿ. ಒಳಗೆ ಮಿಕ್ಸಿ ತಿರುಗ್ತಾ ಉಂಟು. ನಿಮಗೂ ಮಾಡಿಕೊಡ್ತಾರೆ."

ಮುಟ್ಟಿದೆ. ನಿಜವಾಗಿಯೂ ಮಿಕ್ಸಿಯೇ. ಅಳಬೇಕಾದವಳು ನಕ್ಕುಬಿಟ್ಟೆ.

ಸಿಸ್ಟರ್‌ಗಳು ಅವರನ್ನು ಧಣಿಗಳು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಫರಂಗಿಪೇಟೆಯವರು. ಮುಂಬೈಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ, ಮೂತ್ರಪಿಂಡ ಕೈಕೊಟ್ಟ ಮೇಲೆ ಅದನ್ನು ತಮ್ಮನಿಗೆ ಬಿಟ್ಟು ಊರಿಗೆ ಬಂದಿದ್ದರು. ನಾನು ಮಡಂತ್ಯಾರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಹಾಗಾಗಿ ಅವರಿಗೆ ನಾನು ಟೀಚರ್.

ಬಂಟ್ವಾಳದ ಆ ಆಸ್ಪತ್ರೆಯ ಮೇಲಿನ ಮಾಳಿಗೆಯ ಕೋಣೆಯಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ನಾವು ಮಲಗಬೇಕಿತ್ತು. ಸೂಜಿ ಹಾಕಿದ ಕೈ ಅಲುಗಾಡಿಸುವಂತಿಲ್ಲ. ಕಿಟಕಿಗೆ ಹಾಲುಬಣ್ಣದ ಗಾಜು, ಹೊರಗೆ ಬಿಸಿಲೋ ಮಳೆಯೋ ತಿಳಿಯದು. ಕುಡಿಯುವ ನೀರಿಗೂ ಅಳತೆ. ನೆಂಟರ ಮದುವೆಯಿರಲಿ, ಶಾಲೆಯ ಪ್ರವಾಸವಿರಲಿ, ಎಲ್ಲವೂ ಆ ಮೂರು ದಿನಗಳ ಬೇಲಿಯ ಆಚೆ. ಎದುರಿನ ಗೋಡೆಯ ಮೇಲೆ ಒಂದು ಟಿ.ವಿ. ಇತ್ತು. ರಿಮೋಟ್ ಕೆಳಗೆ ಆಫೀಸಿನಲ್ಲಿ. ಆಸ್ಪತ್ರೆಯವರು ಊರಿನ ಚಾನೆಲ್‌ಗೆ ಜಾಹೀರಾತು ಕೊಡುತ್ತಿದ್ದುದರಿಂದ ಯಾವಾಗಲೂ ಅದೇ ಚಾನೆಲ್ ಹಾಕಿರುತ್ತಿದ್ದರು. ಕಣ್ಣು ಮುಚ್ಚಿದರೂ ಕಿವಿ ಮುಚ್ಚುವ ಹಾಗಿರಲಿಲ್ಲ.

ಧಣಿಗಳು ಅದನ್ನು ಹೋಟೆಲಿನ ಯಜಮಾನ ಎದುರು ಸಾಲಿನ ಹೊಸ ಹೋಟೆಲನ್ನು ನೋಡುವ ಹಾಗೆ ನೋಡುತ್ತಿದ್ದರು. ವಾರ್ತೆ ಶುರುವಾಗುವ ಮೊದಲು ಒಂದು ಭೂಗೋಳ ಗಿರಗಿರನೆ ತಿರುಗಿ, ಅದರೊಳಗಿಂದ ಕಂಬಳದ ಎರಡು ಕೋಣಗಳು ಓಡಿಬಂದು, ಚಾನೆಲ್‌ನ ಹೆಸರನ್ನು ಕೆಸರೆರಚಿದಂತೆ ಪರದೆಯ ಮೇಲೆ ಚೆಲ್ಲುತ್ತಿದ್ದವು. ಕೆಳಗೆ 'ನಿಮ್ಮ ಮನೆಯ ಕಣ್ಣು' ಎಂಬ ಸಾಲು.

"ಕಣ್ಣಿಗೆ ಪೊರೆ ಬಂದಿದೆ ಟೀಚರೇ. ನೋಡಿ, ಎಡಗಡೆ ಚಿನ್ನದ ಅಂಗಡಿ, ಕೆಳಗೆ ಟೈಲ್ಸ್ ಅಂಗಡಿ, ಅದರ ಕೆಳಗೆ ಸತ್ತವರ ಹೆಸರು. ವಾರ್ತೆಗೆ ಉಳಿದದ್ದು ಪಾರ್ಸೆಲ್ ಕೊಡುವ ಕಿಟಕಿಯಷ್ಟೇ ಜಾಗ."

ಒಮ್ಮೆ ಚಾನೆಲ್‌ನವರು ಸ್ಟುಡಿಯೋ ಬದಲಾಯಿಸಿದರು. ಕೆಂಪು ನೀಲಿ ದೀಪ, ಗಾಜಿನ ಮೇಜು, ಹಿಂದೆ ರಾತ್ರಿಯ ದೊಡ್ಡ ಪಟ್ಟಣದ ಚಿತ್ರ. ಧಣಿಗಳಿಗೆ ಸಿಟ್ಟೇ ಬಂತು. "ಹಿಂದೆ ಕಾಣುದು ಯಾವ ಪೇಟೆ? ಬಂಟ್ವಾಳವಾ? ಬೆಳ್ತಂಗಡಿಯಾ? ದುಬೈ ಮಾರಾಯ್ರೇ! ನೀರುದೋಸೆ ಮಾರುವವ ಬೋರ್ಡಿನಲ್ಲಿ ಪಿಜ್ಜಾ ಬರೆಸಿದ್ರೆ ಗಿರಾಕಿ ಒಳಗೆ ಬರ್ತಾನಾ?"

ಕೋಟು ಹಾಕಿದ ಒಬ್ಬ ಯುವಕ ವಾರ್ತೆ ಓದುತ್ತಿದ್ದ. ಬೆಳುವಾಯಿಯಲ್ಲಿ ರಸ್ತೆಗೆ ಮರ ಬಿದ್ದದ್ದನ್ನೂ ಗಂಟಲು ಹರಿಯುವಂತೆ ಹೇಳುವವನು. "ಮರ ಬಿದ್ದದ್ದು ಇವನ ತಲೆಗಾ?" ಎಂದು ಧಣಿಗಳು ಕೇಳುತ್ತಿದ್ದರು. ಆದರೆ ಅವರ ನಿಜವಾದ ಕೋಪವೆಲ್ಲ ಒಬ್ಬ ಹುಡುಗಿಯ ಮೇಲೆ. ಇಪ್ಪತ್ತೈದರ ಆಸುಪಾಸಿನವಳು, ಸ್ಪಷ್ಟ ಕನ್ನಡ, ಆದರೆ ಅಪಘಾತದ ಸುದ್ದಿಯನ್ನೂ ನಗುಮುಖದಲ್ಲಿಯೇ ಓದುತ್ತಿದ್ದಳು. "ಬಿಲ್ಲು ಕೊಡುವಾಗ ನಗಬೇಕು, ಸರಿ. ಗಿರಾಕಿಯ ಮನೆಯಲ್ಲಿ ಸಾವಾಗಿದ್ರೂ ನಗುದಾ?" ಎಂದು ಅವರು ಸಿಡುಕುತ್ತಿದ್ದರು. ನಾನು ಅವಳ ಅಲ್ಪಪ್ರಾಣ ಮಹಾಪ್ರಾಣಗಳ ಪರ ವಾದಿಸುತ್ತಿದ್ದೆ. ಹಾಗೆ ಜಗಳವಾಡುತ್ತಾ ಎಷ್ಟೋ ಬೆಳಗುಗಳು ಕಳೆದವು.

ಅವರು ಸಾಧು ಮನುಷ್ಯರೇನಲ್ಲ. ಮನೆಯಲ್ಲಿ ಕದ್ದು ಮಜ್ಜಿಗೆ ಕುಡಿದು ಬಂದು, ತೂಕ ಹೆಚ್ಚಿದ್ದಕ್ಕೆ ಸಿಸ್ಟರ್ ಗದರಿದರೆ ತಕ್ಕಡಿಯೇ ಸರಿಯಿಲ್ಲ ಎನ್ನುತ್ತಿದ್ದರು. ಊಟಕ್ಕೆ ಉಪ್ಪು ಹಾಕದ ಸೊಸೆಯನ್ನು ಎಲ್ಲರೆದುರು ಬೈಯುತ್ತಿದ್ದರು. ಸೊಸೆ ಸುಮ್ಮನೆ ಕೇಳಿಸಿಕೊಂಡು, ಮುಂದಿನ ಸರದಿಗೂ ಉಪ್ಪಿಲ್ಲದ್ದನ್ನೇ ತರುತ್ತಿದ್ದಳು.

ಆ ಮಳೆಗಾಲದಲ್ಲಿ ನನಗೆ ಸಾಕಾಯಿತು. ಮೂತ್ರಪಿಂಡ ಕೊಡಲು ದಾನಿ ಸಿಗುವುದಿಲ್ಲ ಎಂದು ಖಚಿತವಾದ ವಾರ ಅದು. ಅಮ್ಮನಿಗೆ ಸಕ್ಕರೆ ಕಾಯಿಲೆ, ಅಕ್ಕನ ರಕ್ತ ಹೊಂದಲಿಲ್ಲ. ಜೀವನವಿಡೀ ಆ ಹಾಲುಗಾಜಿನ ಕೋಣೆಯೇ ಎಂದು ಗೊತ್ತಾದ ಮೇಲೆ ಒಂದು ಬೆಳಿಗ್ಗೆ ಎದ್ದು, ನಾನು ಬರುವುದಿಲ್ಲ ಎಂದು ಗಂಡನಿಗೆ ಹೇಳಿದೆ. ಅವರು ಬೇಡಿದರು, ಬೈದರು, ಕೊನೆಗೆ ಅತ್ತರು. ಮುಂದಿನ ಸರದಿಗೂ ನಾನು ಹೋಗಲಿಲ್ಲ. ಮುಖ ಊದಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಆಗ ಧಣಿಗಳ ಫೋನ್ ಬಂತು.

"ಟೀಚರೇ, ನಿನ್ನೆ ಆ ಹುಡುಗಿಗೆ ಎಂಥ ಸೀರೆ ಉಡಿಸಿದ್ದಾರೆ ಗೊತ್ತುಂಟಾ? ಲಾಡ್ಜಿನ ಕಿಟಕಿ ಪರದೆ! ಹಿಂದೆ ದುಬೈ, ಮುಂದೆ ಪರದೆ. ಯಾರಿಗೆ ಹೇಳುದು? ಆಚೆ ಹಾಸಿಗೆಯವರಿಗೆ ಕಿವಿ ಕೇಳುದಿಲ್ಲ."

"ನನಗೆ ಸಾಕಾಯಿತು ಧಣಿಗಳೇ," ಎಂದೆ.

"ನನಗೂ ಸಾಕಾಗಿದೆ ಟೀಚರೇ," ಎಂದರು, ಬೇರೆಯೇ ಸ್ವರದಲ್ಲಿ. "ದಿನಾ ಸಾಕಾಗ್ತದೆ. ನಾಳೆ ಬನ್ನಿ. ನಾಡಿದ್ದಿನದು ನಾಡಿದ್ದು ನೋಡುವ."

ಮರುದಿನ ಹೋದೆ. ಹೋಗದೆ ಇದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಕೆಲವು ತಿಂಗಳ ನಂತರ ದಾನಿಗಳೊಬ್ಬರು ಆಸ್ಪತ್ರೆಗೆ ಡಯಾಲಿಸಿಸ್‌ನ ಹೊಸ ಯಂತ್ರ ಕೊಟ್ಟರು. ಉದ್ಘಾಟನೆಗೆ ಚಾನೆಲ್‌ನವರು ಬಂದರು. ಅದೇ ಹುಡುಗಿ! ಸಣ್ಣ ಚಾನೆಲ್, ವಾರ್ತೆ ಓದುವವರೇ ಮೈಕು ಹಿಡಿದು ಊರೂರು ಸುತ್ತಬೇಕು. ಹತ್ತಿರದಿಂದ ನೋಡಿದರೆ ಬಹಳ ಸಣ್ಣಗಿದ್ದಳು, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಒಳ್ಳೆಯ ಮಾತನ್ನೇ ಹೇಳಬೇಕೆಂದು ಮ್ಯಾನೇಜರ್ ನಮಗೆ ಮೊದಲೇ ತಾಕೀತು ಮಾಡಿದ್ದರು. ಧಣಿಗಳು ಮೈಕಿನ ಮುಂದೆ, "ಯಂತ್ರ ಬಂತು, ಸಂತೋಷ. ಆದರೆ ಯಂತ್ರಕ್ಕೆ ಬೇಕಾದ ನೀರು ಶುದ್ಧ ಮಾಡುವ ಪ್ಲಾಂಟ್ ಹಳೆಯದು. ಅದು ಕೆಟ್ಟಾಗೆಲ್ಲ ನಮ್ಮನ್ನು ಅರ್ಧದಲ್ಲಿ ಬಿಡಿಸಿ ಕಳಿಸ್ತಾರೆ" ಎಂದರು. ಮ್ಯಾನೇಜರ್ ಮುಖ ಬಿಳಿಚಿತು. ನಮಗೂ ಭಯವಾಯಿತು, ಹೊರಗೆ ಹಾಕಿದರೆ ಎಲ್ಲಿಗೆ ಹೋಗುವುದು?

ಮುಂದಿನ ಸರದಿಯಲ್ಲಿ ಆ ಸುದ್ದಿ ಬಂತು. ಪರದೆಯ ಮೇಲೆ ಧಣಿಗಳ ತುಟಿ ಅಲುಗಾಡುತ್ತಿತ್ತು, ಸ್ವರ ಮಾತ್ರ ಹುಡುಗಿಯದು: "ಆಸ್ಪತ್ರೆಯ ಸೇವೆಯನ್ನು ರೋಗಿಗಳು ಮುಕ್ತಕಂಠದಿಂದ ಶ್ಲಾಘಿಸಿದರು." ಧಣಿಗಳು ರೇಗುತ್ತಾರೆಂದು ಕಾದೆ. ಅವರು ಪರದೆಗೆ ಮರಳಿದ ಹುಡುಗಿಯನ್ನೇ ನೋಡುತ್ತಿದ್ದರು.

"ಇವತ್ತು ನಗಲಿಲ್ಲ, ನೋಡಿದಿರಾ?" ಎಂದರು ಕೊನೆಗೆ. "ಕಾಗದ ಬಿಟ್ಟು ಕಣ್ಣೇ ಎತ್ತಲಿಲ್ಲ. ಅವಳಿಗೂ ಸೂಜಿ ಹಾಕಿ ಕೂರಿಸಿದ್ದಾರೆ ಟೀಚರೇ."

ಮರುವಾರ ಅವಳು ಕ್ಯಾಮೆರಾ ಇಲ್ಲದೆ ಒಬ್ಬಳೇ ಬಂದಳು. ಧಣಿಗಳ ಹಾಸಿಗೆಯ ಬಳಿ ನಿಂತು, "ನಾನು ಬರೆದದ್ದು ಹಾಗಲ್ಲ ಸರ್, ಮೇಲಿನವರು ಬದಲಾಯಿಸಿದ್ದು" ಎಂದಳು.

"ಕೂತುಕೊ ಮಗಾ. ಚಾ ಆಯ್ತಾ?" ಎಂದರು ಧಣಿಗಳು. ಇಲ್ಲವೆಂದಾಗ ಸೊಸೆಯನ್ನು ಕ್ಯಾಂಟೀನಿಗೆ ಓಡಿಸಿದರು. ಆಮೇಲೆ ಬಹುದಿನಗಳಿಂದ ಕಾಡಿದ್ದನ್ನು ಕೇಳಿಯೇಬಿಟ್ಟರು: "ಸತ್ತ ಸುದ್ದಿಗೂ ಯಾಕೆ ನಗುದು ನೀನು?"

"ಕ್ಯಾಮೆರಾದ ಕೆಳಗೆ 'ನಗು' ಅಂತ ಬರೆದು ಅಂಟಿಸಿದ್ದಾರೆ ಸರ್. ನಗದಿದ್ರೆ ಕಿವಿಯಲ್ಲಿ ಬೈತಾರೆ." ಹಿಂದಿನ ಪಟ್ಟಣ ಬರೀ ಫ್ಲೆಕ್ಸು, ಒಂದು ಮೂಲೆ ಹರಿದಿರುವುದರಿಂದ ತಾನು ಸದಾ ಎಡಕ್ಕೇ ವಾಲಿ ಕೂರಬೇಕು ಎಂದೂ ಹೇಳಿದಳು. ಧಣಿಗಳು ಸೂಜಿಯ ಕೈ ಅಲುಗಾಡುವಷ್ಟು ನಕ್ಕರು, ಯಂತ್ರ ಎಚ್ಚರಿಕೆಯ ಸದ್ದು ಮಾಡಿತು, ಸಿಸ್ಟರ್ ಓಡಿಬಂದರು. ಆಮೇಲೆ ಧಣಿಗಳು ಎಂದೂ ಆ ಹುಡುಗಿಯ ನಗುವಿನ ಬಗ್ಗೆ ಮಾತಾಡಲಿಲ್ಲ.

ನೀರಿನ ಪ್ಲಾಂಟ್ ಮತ್ತೆ ಕೆಟ್ಟಿತು. ನಮ್ಮ ರಕ್ತವನ್ನು ಮೈಗೆ ಮರಳಿಸಿ, ಸೂಜಿಯನ್ನು ಹಾಗೆಯೇ ಬಿಟ್ಟು, ಪ್ಲಾಂಟ್ ಸರಿಯಾಗಬಹುದೇನೋ ಎಂದು ಸಿಸ್ಟರ್‌ಗಳು ಕಾಯುತ್ತಿದ್ದರು. ಟಿ.ವಿ.ಯಲ್ಲಿ, ವೀಕ್ಷಕರು ಫೋನ್ ಮಾಡಿ ಊರಿನ ತೊಂದರೆ ಹೇಳುವ ನೇರ ಕಾರ್ಯಕ್ರಮ ನಡೆಯುತ್ತಿತ್ತು. ಕುರ್ಚಿಯಲ್ಲಿ ಆ ಹುಡುಗಿ. ನಂಬರು ಕೆಳಗೆ ಓಡುತ್ತಿತ್ತು. ಧಣಿಗಳು ಬಲಗೈಯಲ್ಲಿ ಮೊಬೈಲ್ ತೆಗೆದು ಒತ್ತಿಯೇಬಿಟ್ಟರು.

"ನಮಸ್ಕಾರ ಸರ್, ಎಲ್ಲಿಂದ ಮಾತಾಡ್ತಾ ಇದ್ದೀರಿ?"

"ನಾನು ಫರಂಗಿಪೇಟೆಯವ."

ಒಂದು ಕ್ಷಣ ಬಿಟ್ಟು ಗೋಡೆಯ ಟಿ.ವಿ.ಯೂ "ನಾನು ಫರಂಗಿಪೇಟೆಯವ" ಎಂದಿತು.

"ಸರ್, ನಿಮ್ಮ ಟಿ.ವಿ. ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡಿ."

"ಆಗುದಿಲ್ಲ ಮಗಾ. ರಿಮೋಟ್ ಕೆಳಗೆ ಆಫೀಸಿನಲ್ಲಿ ಉಂಟು. ಎದ್ದು ಹೋಗುವ ಅಂದ್ರೆ ಕೈಯಲ್ಲಿ ಸೂಜಿ ಉಂಟು."

ಹುಡುಗಿಯ ಮುಖ ಬದಲಾಯಿತು. ಯಾರೆಂದು ಅವಳಿಗೆ ಗೊತ್ತಾಗಿತ್ತು. ಕಿವಿಗೆ ಕೈ ಹೋಯಿತು. ಒಳಗೆ ಯಾರೋ ಏನೋ ಹೇಳುತ್ತಿದ್ದಿರಬೇಕು.

"ಹೇಳಿ ಸರ್," ಎಂದಳು. "ಕೇಳ್ತಾ ಇದ್ದೇನೆ."

"ನೀರಿನ ಪ್ಲಾಂಟ್ ನಿಂತಿದೆ. ನಾವೆಲ್ಲ ಹೀಗೇ ಮಲಗಿದ್ದೇವೆ. ನಾನು ಹೋಟೆಲಿನವ. ಅರ್ಧ ತೊಳೆದ ತಟ್ಟೆಯಲ್ಲಿ ಯಾರಿಗೂ ಬಡಿಸಿದವನಲ್ಲ. ನಮ್ಮನ್ನು ಅರ್ಧ ತೊಳೆದು ಮನೆಗೆ ಕಳಿಸ್ತಾರೆ. ಸಿಸ್ಟರ್‌ಗಳ ತಪ್ಪಿಲ್ಲ, ಪಾಪ. ನಮಗೆ ಬೇರೆ ಕಡೆ ಜಾಗ ಇಲ್ಲ, ಅದಕ್ಕೆ ಇಷ್ಟು ದಿನ ಹೆದರಿ ಕೂತದ್ದು."

"ಯಾವ ಆಸ್ಪತ್ರೆ ಸರ್?"

ಆ ಪ್ರಶ್ನೆಯನ್ನು ಅವಳು ಕೇಳಬೇಕಾಗಿರಲಿಲ್ಲ. ಕೇಳಿದಳು. ಧಣಿಗಳು ಹೆಸರು ಹೇಳಿದರು. ತಕ್ಷಣ ಚಿನ್ನದ ಅಂಗಡಿಯ ಜಾಹೀರಾತು ಬಂತು. ಅದು ಮುಗಿದಾಗ ಕುರ್ಚಿಯಲ್ಲಿ ಕೋಟಿನ ಯುವಕ ಕೂತಿದ್ದ.

ಅಷ್ಟರಲ್ಲಿ ಮ್ಯಾನೇಜರ್ ಮೇಲೆ ಓಡಿ ಬಂದು ಟಿ.ವಿ.ಯ ವೈರನ್ನೇ ಕಿತ್ತರು. ಧಣಿಗಳಿಗೆ ಇನ್ನು ನಸುಕಿನ ಪಾಳಿ ಎಂದರು. ಹಿರಿಯ ಸಿಸ್ಟರ್, "ಹಾಗಾದ್ರೆ ಆ ಪಾಳಿಗೆ ನೀವೇ ಬಂದು ಸೂಜಿ ಹಾಕಿ" ಎಂದದ್ದಕ್ಕೆ ಆ ಮಾತು ಅಲ್ಲಿಗೇ ನಿಂತಿತು. ಊರೆಲ್ಲ ಮಾತಾಗಿತ್ತು, ಯಾರೋ ಆ ಕಾರ್ಯಕ್ರಮದ ತುಣುಕನ್ನು ಮೊಬೈಲಿನಲ್ಲಿ ಹಂಚಿದ್ದರು. ಸ್ವಲ್ಪ ದಿನದಲ್ಲಿ ಹೊಸ ಪ್ಲಾಂಟ್ ಬಂತು. ಉದ್ಘಾಟನೆ ಇಲ್ಲ, ಕ್ಯಾಮೆರಾ ಇಲ್ಲ. ಇವತ್ತಿಗೂ ನನ್ನ ರಕ್ತ ಶುದ್ಧವಾಗುವುದು ಆ ನೀರಿನಿಂದಲೇ.

ಹುಡುಗಿ ಮಾತ್ರ ಮತ್ತೆ ಪರದೆಯ ಮೇಲೆ ಬರಲಿಲ್ಲ. ಗೋಡೆಯ ಟಿ.ವಿ.ಯಲ್ಲಿ ಈಗ ಭಜನೆಯ ಚಾನೆಲ್. ಧಣಿಗಳು ಮೊಬೈಲಿನಲ್ಲಿ ಊರಿನ ವಾರ್ತೆ ಹಾಕಿ ದಿನವೂ ಅವಳನ್ನು ಹುಡುಕುತ್ತಿದ್ದರು. "ಒಂದು ಹುಡುಗಿಯ ಅನ್ನ ಕಳೆದೆ ಟೀಚರೇ" ಎಂದು ಕೊರಗುತ್ತಿದ್ದರು. ಮಾತು ಕಡಿಮೆಯಾಯಿತು. ಸ್ಟುಡಿಯೋದ ಫ್ಲೆಕ್ಸು ಬದಲಾದದ್ದನ್ನು ನಾನೇ ತೋರಿಸಿದರೂ ಅಭಿಪ್ರಾಯ ಹೇಳಲಿಲ್ಲ. ಕೊನೆಗೆ ಮೂಡುಬಿದಿರೆಯ ನೆಂಟರ ಮೂಲಕ ಅವಳ ನಂಬರು ಸಿಕ್ಕಿತು. ನನಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಫೋನ್ ಮಾಡಿದರು. ಅವಳು ಮೂಡುಬಿದಿರೆಯಲ್ಲೇ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

"ಬೇಸರ ಮಾಡ್ಬೇಡಿ ಸರ್. ಇಲ್ಲಿ ನಗು ಬಂದಾಗ ನಗ್ತೇನೆ."

"ಕಷ್ಟ ಉಂಟಾ?"

"ನಿಂತು ನಿಂತು ಕಾಲು ನೋಯ್ತದೆ. ಸಂಬಳ ಅಲ್ಲಿಯದೇ ಸ್ವಲ್ಪ ಜಾಸ್ತಿ ಇತ್ತು. ಆದರೆ ಆ ಪ್ರಶ್ನೆ ಕೇಳಿದ್ದಕ್ಕೆ ನನಗೆ ಬೇಸರ ಇಲ್ಲ."

ಧಣಿಗಳು ಫೋನನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೋದ ವರ್ಷ ಒಂದು ಭಾನುವಾರ ಮನೆಯಲ್ಲಿಯೇ ಅವರ ಹೃದಯ ನಿಂತಿತು. ಮುಂಬೈಯಿಂದ ತಮ್ಮ ಬರಬೇಕಿದ್ದುದರಿಂದ ದಹನ ಸೋಮವಾರ. ಸೋಮವಾರ ನನ್ನ ಸರದಿ. ಪಕ್ಕದ ಹಾಸಿಗೆಗೆ ಹೊಸ ಬಿಳಿ ಹೊದಿಕೆ ಹಾಕಿದ್ದರು. ನಾನು ಆ ಕಡೆ ತಿರುಗಲಿಲ್ಲ.

"ಟೀಚರ್, ಬೇಗ ಬಿಡಿಸ್ಲಾ? ಹೋಗಿ ಮುಖ ನೋಡ್ಬಹುದು," ಎಂದರು ಹಿರಿಯ ಸಿಸ್ಟರ್.

ಹೋಗಬೇಕೆಂದು ಜೀವ ಹಾತೊರೆಯಿತು. "ಬೇಡ ಸಿಸ್ಟರ್, ಪೂರ್ತಿ ಆಗ್ಲಿ," ಎಂದೆ.

ಎಲ್ಲ ಮುಗಿಸಿ, ಗಂಡನ ಸ್ಕೂಟರಿನ ಹಿಂದೆ ಕೂತು ಫರಂಗಿಪೇಟೆ ತಲಪುವಾಗ ಚಿತೆ ಅರ್ಧಕ್ಕಿಂತ ಹೆಚ್ಚು ಉರಿದಿತ್ತು. ಜನ ಚದುರುತ್ತಿದ್ದರು. ಜಗಲಿಯಲ್ಲಿ ಕೂತೆ. ಬಿಸಿಲಿಗೆ ನಾಲಗೆ ಒಣಗಿತ್ತು. ಸೊಸೆ ಬಂದವರಿಗೆಲ್ಲ ತುಂಬಿದ ಲೋಟಗಳಲ್ಲಿ ನೀರು ಕೊಡುತ್ತಿದ್ದಳು. ನನ್ನನ್ನು ಕಂಡು ಒಳಗೆ ಹೋಗಿ, ಬೇರೆಯೇ ಒಂದು ಲೋಟ ತಂದಳು. ಅದರಲ್ಲಿ ಅರ್ಧವೇ ಇತ್ತು.

"ಮಾವನಿಗೆ ಕೊಟ್ಟು ಅಭ್ಯಾಸ," ಎಂದಳು.

ನಾನು ಸ್ವಲ್ಪ ಸ್ವಲ್ಪವಾಗಿ ಕುಡಿದು ಮುಗಿಸುವವರೆಗೂ ಅವಳು ನನ್ನ ಪಕ್ಕದಲ್ಲಿಯೇ ನಿಂತಿದ್ದಳು.