ಬುಡು ಅಂದದ್ದು ಯಾರಿಗೆ

ಶಾಂತರಾಜುವಿನ ಬಗ್ಗೆ ನಮ್ಮ ಕಾಲೇಜಿನಲ್ಲಿ ಈಗ ಯಾರನ್ನು ಕೇಳಿದರೂ ಒಂದೇ ಮಾತು: "ಪಾಪ, ಒಳ್ಳೇ ಕೆಲಸಗಾರ. ಆದ್ರೆ ಸ್ವಲ್ಪ ದುಡುಕು." ದುಡುಕಂತೆ! ಹನ್ನೆರಡು ವರ್ಷ ಅವನ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನು ನಾನು. ಒಂದು ಬೋಲ್ಟನ್ನು ಮೂರು ಸಲ ಮುಟ್ಟಿ ನೋಡದೆ ಸ್ಪ್ಯಾನರ್ ಕೆಳಗಿಡದ ಮನುಷ್ಯ ಅವನು. ಅವನಿಗೆ ಈ ಹೆಸರು ಕಟ್ಟಿದವರು ಯಾರು ಅಂತ ಹೇಳಿಬಿಡುತ್ತೇನೆ. ಕಟ್ಟಿದವನು ನಾನು, ಹಳೇಕೋಟೆಯ ಸಿದ್ದೇಶ್ವರ.

ಶಾಂತರಾಜು ದುದ್ದ ಅನ್ನುವ ಊರಿನವನು. ಅವನ ಅಪ್ಪ ಕೆಂಚಯ್ಯ ಕಂಡವರ ತೆಂಗಿನ ತೋಟದಲ್ಲಿ ಕೂಲಿ ಮಾಡಿ ಮಗನನ್ನು ಐಟಿಐ ಓದಿಸಿದರು. ಓದು ಮುಗಿದ ಮೇಲೆ ಅವನು ನಾಲ್ಕು ವರ್ಷ ಊರಲ್ಲೇ ಮೊಪೆಡ್ ರಿಪೇರಿ ಮಾಡಿ, ಆಮೇಲೆ ಹಾಸನದ ಹೊರಗಿರುವ ನಮ್ಮ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿಗೆ ದಿನಗೂಲಿಗೆ ಸೇರಿದ. ಅದೇ ತಿಂಗಳು ನಾನೂ ಸೇರಿದೆ. ನಾನು ಲೇತ್ ಮುಂದೆ, ಅವನು ಎಂಜಿನ್ ಮುಂದೆ. ಲೆಕ್ಚರರುಗಳು ಬೋರ್ಡಿನ ಮೇಲೆ ಬರೆದು ಅಳಿಸಿದ್ದನ್ನು ಅವನು ಕೈಯಲ್ಲಿ ಹಿಡಿದು ತೋರಿಸುತ್ತಿದ್ದ. ಕಾರ್ಬೊರೇಟರ್ ಬಿಚ್ಚಿದರೆ ಅದರ ಜೊತೆ ಮಾತಾಡುತ್ತಿದ್ದ, ಬಯ್ಯುತ್ತಿದ್ದ. "ಏನ್ಲಾ ಬಂದಿರೋದು ನಿಂಗೆ, ಬೆಳಗ್ಗೆಯಿಂದ ಗೊಣಗ್ತಾ ಇದೀಯ?"

ಮಧ್ಯಾಹ್ನ ಇಬ್ಬರಿಗೂ ಒಂದೇ ಬೆಂಚಿನ ಮೇಲೆ ಊಟ. ಅವನ ಹೆಂಡತಿ ಯಶೋಧರಾ ಕಟ್ಟಿಕೊಡುತ್ತಿದ್ದ ಮುದ್ದೆ, ಉಪ್ಸಾರು ಅರ್ಧ ನನ್ನ ಹೊಟ್ಟೆಗೇ ಹೋಗುತ್ತಿತ್ತು. "ಏನ್ ಸಿದ್ದಣ್ಣ, ಹಳೇಕೋಟೆ ಗೌಡ್ರು ನಮ್ಮನೆ ಮುದ್ದೆ ಹಿಂಗ್ ಮುರೀತಾವ್ರೆ, ನಿಮ್ಮೂರಲ್ಲಿ ಗೊತ್ತಾ?" ಅಂತ ಕಾಲೆಳೆಯುತ್ತಿದ್ದ. "ಬುಡತ್ಲಾಗೆ, ಹೊಟ್ಟೆಗೆ ಯಾವ ಜಾತಿ" ಅನ್ನುತ್ತಿದ್ದೆ ನಾನು. ಊರಲ್ಲಿ ಗೊತ್ತಿರಲಿಲ್ಲ. ನಾನು ಅವ್ವನಿಗೆ ಹೇಳಿರಲಿಲ್ಲ.

ಹೋದ ವರ್ಷ ವರ್ಕ್‌ಶಾಪಿಗೆ ಒಂದು ಖಾಯಂ ಹುದ್ದೆ ಬಂತು. ಒಂದೇ ಒಂದು. ದಿನಗೂಲಿಯವರು ನಾವಿಬ್ಬರು. ಅದೇ ಹೊತ್ತಿಗೆ ಹುಡುಗರು ರೇಡಿಯೋದಿಂದ ಹಾರಿಸುವ ಒಂದು ಮಾದರಿ ವಿಮಾನ ಕಟ್ಟುತ್ತಿದ್ದರು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಏಳೂವರೆ ಅಡಿ, ಮೂತಿಗೆ ಪೆಟ್ರೋಲ್ ಎಂಜಿನ್. ಕಾಲೇಜು ದಿನಾಚರಣೆಗೆ ಆಡಳಿತ ಮಂಡಳಿಯವರ ಮುಂದೆ ಅದು ಹಾರಬೇಕಿತ್ತು. ಪ್ರಿನ್ಸಿಪಾಲ್ ಚಂದ್ರಶೇಖರಯ್ಯನವರು ವರ್ಕ್‌ಶಾಪಿಗೇ ಬಂದು, "ಶಾಂತರಾಜು, ಎಂಜಿನ್ ಕೂರಿಸೋದು ನಿನ್ನ ಜವಾಬ್ದಾರಿ. ಇದು ಹಾರಿದ್ರೆ ಆ ಪೋಸ್ಟು ನಿಂದೇ ಅಂತ ತಿಳ್ಕೊ" ಅಂದರು. ನನ್ನ ಎದುರಿಗೇ ಅಂದರು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ಆದರೆ ಆ ಕೆಲಸ ಅವನಿಗೆ ಸಲ್ಲಬೇಕಾದ್ದು ಅಂತ ನನಗೆ ಆವತ್ತೂ ಗೊತ್ತಿತ್ತು.

ಅವನು ಆ ಎಂಜಿನ್ ಕೂರಿಸಿದ್ದನ್ನು ನೀವು ನೋಡಬೇಕಿತ್ತು. ವಿಮಾನದ ಮೂತಿಯಲ್ಲಿ ಒಂದು ದಪ್ಪ ಪ್ಲೈವುಡ್ ಹಲಗೆ, ಅದಕ್ಕೆ ನಾಲ್ಕು ಬೋಲ್ಟಿನಲ್ಲಿ ಎಂಜಿನ್. ಇಷ್ಟೇ ಕೆಲಸ. ಇಷ್ಟಕ್ಕೆ ಮೂರು ದಿನ ತೆಗೆದುಕೊಂಡ. ಕೂರಿಸಿದ ಮೇಲೆ ನೋಡಿದರೆ ಎಂಜಿನ್ ಒಂದು ಕೂದಲಷ್ಟು ಬಲಕ್ಕೆ ವಾಲಿದೆ. ಹುಡುಗರ ಮುಖಂಡ ಹರ್ಷವರ್ಧನ್ ಅಳತೆಪಟ್ಟಿ ಹಿಡಿದು ಬಂದ. "ಶಾಂತಣ್ಣ, ಸೊಟ್ಟ ಕೂತಿದೆಯಲ್ಲ?"

"ಸೊಟ್ಟ ಅಲ್ಲ ಕಣಪ್ಪಾ. ಫ್ಯಾನು ಒಂದೇ ಕಡೀಕೆ ತಿರುಗ್ತದಲ್ಲ, ಜೋರಾದಂಗೆ ವಿಮಾನನ ಎಡಕ್ಕೆ ಜಗ್ತದೆ. ಅದ್ಕೇ ಮೂತಿನೇ ಒಂಚೂರು ಬಲಕ್ಕೆ ತಿರುಗ್ಸಿವ್ನಿ. ನಿಮ್ ಪುಸ್ತಕದಲ್ಲೂ ಇರ್ತದೆ, ನೋಡು ಓಗು."

ಹರ್ಷ ಹೋಗಿ ನೋಡಿದ. ಪುಸ್ತಕದಲ್ಲಿ ಇತ್ತು. ಅವತ್ತಿನಿಂದ ಆ ಹುಡುಗ ಇವನ ಹಿಂದೆಯೇ ತಿರುಗತೊಡಗಿದ.

ಆಮೇಲೆ ಎಕ್ಸಿಲೇಟರಿನ ಕೆಲಸ. ಹುಡುಗರು ಅದನ್ನು ಥ್ರಾಟಲ್ ಅನ್ನುತ್ತಿದ್ದರು, ಇವನ ಬಾಯಲ್ಲಿ ಅದು ಕೊನೆಯವರೆಗೂ ಎಕ್ಸಿಲೇಟರೇ. ಮೊಪೆಡ್ಡಿನಲ್ಲಿ ಕೈ ತಿರುಗಿಸಿದರೆ ಕೇಬಲ್ ಎಳೆಯುತ್ತದೆ. ವಿಮಾನದಲ್ಲಿ ಕೈ ಇಲ್ಲ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಮೋಟಾರಿದೆ. ರೇಡಿಯೋದ ಕಡ್ಡಿ ಮೇಲೆತ್ತಿದರೆ ಆ ಮೋಟಾರಿನ ತೋಳು ತಿರುಗಿ, ಒಂದು ಸಣ್ಣ ಸರಳನ್ನು ತಳ್ಳಿ ಕಾರ್ಬೊರೇಟರಿನ ಬಾಯಿ ತೆರೆಯುತ್ತದೆ. ಹುಡುಗರು ತಂದ ಉಕ್ಕಿನ ಸರಳನ್ನು ಅವನು ಕಿತ್ತೆಸೆದ. ಎಂಜಿನ್ನಿನ ಕಿಡಿ ಉಕ್ಕಿನ ಗುಂಟ ಬಂದು ರೇಡಿಯೋ ಕೆಡಿಸುತ್ತದೆ ಅಂತ ನೈಲಾನ್ ಸರಳು ಹಾಕಿದ. ಕಡ್ಡಿ ಪೂರ್ತಿ ಕೆಳಗಿದ್ದಾಗ ಕಾರ್ಬೊರೇಟರಿನ ಬಾಯಲ್ಲಿ ಎಷ್ಟು ಸಂದು ಇರಬೇಕೆಂದು ಕಾಗದ ಮಡಿಸಿ ತೂರಿಸಿ ನೋಡಿದ. ಮೋಟಾರಿಗೆ ಕಿವಿ ಇಟ್ಟು, ಅದು ತಿಣುಕುವುದು ನಿಲ್ಲುವವರೆಗೆ ಸರಳಿನ ಉದ್ದ ತಿದ್ದಿದ. ಎಲ್ಲ ಮುಗಿದ ಮೇಲೂ ಅವನ ಮುಖ ಗೆಲುವಾಗಲಿಲ್ಲ. ಹಲಗೆಯಲ್ಲಿ ಸರಳು ಹಾದುಹೋಗುವ ತೂತಿನ ಮೇಲೆಯೇ ಕಣ್ಣು.

"ನಿಂತಾಗ ಸರಿಯಾಗೇ ಅದೆ ಸಿದ್ದಣ್ಣ. ಎಂಜಿನ್ ಅದುರುವಾಗ ಈ ತೂತಿನ ಅಂಚಿಗೆ ಸಿಕ್ಕಾಕ್ಕತದೇನೋ ಅಂತ. ಓಡ್ಸೇ ನೋಡ್ಬೇಕು."

ಹೀಗೆ ಯೋಚಿಸುವವನು ದುಡುಕಿನವನೇ?

ದಿನಾಚರಣೆಗೆ ಎರಡು ದಿನ ಮುಂಚೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಕಾಲೇಜಿನ ಆಟದ ಮೈದಾನಕ್ಕೆ ವಿಮಾನ ತಂದೆವು. ಎಂಜಿನ್ ಓಡಿಸಿ ನೋಡುವುದಷ್ಟೇ, ಹಾರಿಸುವುದಿಲ್ಲ ಅಂತ ಮಾತಾಗಿತ್ತು. ಹರ್ಷ ರೇಡಿಯೋ ಹಿಡಿದು ಹತ್ತು ಹೆಜ್ಜೆ ಹಿಂದೆ ನಿಂತ. ನಾನು ಬಾಲದ ಹತ್ತಿರ ಮಂಡಿಯೂರಿ ವಿಮಾನವನ್ನು ಹಿಡಿದುಕೊಂಡೆ. ಶಾಂತರಾಜು ರೆಕ್ಕೆಯ ಮುಂದೆ, ಎಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಮಾತಿನಲ್ಲಿ ಗೊಂದಲ ಬೇಡವೆಂದು ಹರ್ಷ ಅವನಿಗೆ ಎರಡು ಇಂಗ್ಲಿಷ್ ಪದ ಕಲಿಸಿದ್ದ: ನಾನು ವಿಮಾನ ಬಿಡಬೇಕಾದರೆ 'ರಿಲೀಸ್', ತಾನು ಎಂಜಿನ್ ತಗ್ಗಿಸಬೇಕಾದರೆ 'ಲೋ'. ಶಾಂತರಾಜು ಅದನ್ನು ನಾಲ್ಕು ಸಲ ಒಪ್ಪಿಸಿ, "ಪರೀಕ್ಷೆ ಪಾಸಾ ಸಾ?" ಅಂತ ಹರ್ಷನಿಗೆ ಸಲಾಮು ಹೊಡೆದ. ಎಲ್ಲರೂ ನಕ್ಕೆವು.

ನಮ್ಮ ಕಡೆ 'ಬುಡು' ಅನ್ನುವ ಒಂದು ಮಾತಿದೆ. ನೀವು 'ಬಿಡು' ಅನ್ನುತ್ತೀರಿ. ಗದ್ದೆಗೆ ನೀರು ಬುಡು, ಕ್ಲಚ್ ಬುಡು, ದನ ಬುಡು. ಮೊಪೆಡ್ ಹತ್ತಿದವನು ಎಕ್ಸಿಲೇಟರ್ ತಿರುಗಿಸಿ ಹಿಡಿದೇ ಇದ್ದರೆ ಹಿಂದೆ ಕೂತವನು "ಬುಡ್ಲಾ" ಅಂತ ಕೂಗುತ್ತಾನೆ. ಕೈ ಸಡಿಲಿಸು, ವೇಗ ಇಳಿಸು ಅಂತ ಅರ್ಥ. ಹಾಗೆಯೇ, ಹಿಡಿದಿರುವುದನ್ನು ಬಿಟ್ಟುಬಿಡು ಅನ್ನುವುದಕ್ಕೂ ಅದೇ ಮಾತು.

ಎಂಜಿನ್ ಹತ್ತಿಕೊಂಡಿತು. ಹರ್ಷ ಮೆಲ್ಲಗೆ ಕಡ್ಡಿ ಎತ್ತಿದ. ಅರ್ಧಕ್ಕೆ ಬಂದಾಗ ವಿಮಾನ ನನ್ನ ಕೈಯಲ್ಲಿ ಜಗ್ಗತೊಡಗಿತು, ಮಣ್ಣು ಹಾರಿ ಕಣ್ಣಿಗೆ ಬಿತ್ತು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಶಾಂತರಾಜುವಿನ ಕೂಗು ಕೇಳಿಸಿತು:

"ಬುಡು! ಬುಡು ಬುಡು!"

ನಾನು ಬಿಟ್ಟೆ.

ಸರಳು ತೂತಿನ ಅಂಚಿಗೆ ಸಿಕ್ಕಿಕೊಂಡಿತ್ತು, ಅವನು ಹೆದರಿದಂತೆಯೇ. ಅದು ಮುರಿಯುವ ಮೊದಲು ಎಂಜಿನ್ ತಗ್ಗಿಸು ಅಂತ ಹರ್ಷನಿಗೆ ಕೂಗಿದ್ದ. ಗಾಬರಿಯಲ್ಲಿ ಯಾರ ಬಾಯಿಗೆ ಬರುತ್ತದೆ ಆ ಹಾಳು ಇಂಗ್ಲಿಷ್? ವಿಮಾನ ನನ್ನ ಕೈಯಿಂದ ಚಿಮ್ಮಿತು. ರೆಕ್ಕೆ ಅವನ ಮಂಡಿಗೆ ಬಡಿಯಿತು. ಎದುರಿಗೆ ಸಿವಿಲ್ ವಿಭಾಗದ ಹೆಣ್ಣುಮಕ್ಕಳು ನೋಡುತ್ತಾ ನಿಂತಿದ್ದರು, ವಿಮಾನ ಅತ್ತಲೇ ನುಗ್ಗುತ್ತಿತ್ತು. ಅವನು ಬೀಳುತ್ತಾ ಬೀಳುತ್ತಾ, ಹಗ್ಗ ಕಿತ್ತ ಹೋರಿಯ ಮೂಗುದಾರಕ್ಕೆ ಕೈ ಹಾಕುವವನಂತೆ ಅದರ ಮೂತಿಗೆ ಬಲಗೈ ಹಾಕಿದ.

ಎಂಜಿನ್ ನಿಂತಿತು. ಹರ್ಷ ರೇಡಿಯೋ ಕೆಳಗೆ ಹಾಕಿ ಓಡಿಬಂದ. ಶಾಂತರಾಜು ತನ್ನ ಕೈಯನ್ನು ಯಾರದೋ ಕೈ ನೋಡುವಂತೆ ನೋಡುತ್ತಿದ್ದ. ತೋರುಬೆರಳು, ನಡುಬೆರಳು, ಉಂಗುರಬೆರಳು ಇರಲಿಲ್ಲ. ನಾನು ನನ್ನ ಅಂಗಿ ಬಿಚ್ಚಿ ಸುತ್ತಿದೆ. ಕಾರಿನಲ್ಲಿ ಆಸ್ಪತ್ರೆಯವರೆಗೂ ಅವನ ತಲೆ ನನ್ನ ತೊಡೆಯ ಮೇಲಿತ್ತು. ಒಂದೇ ಮಾತಾಡಿದ: "ನಾನು ಅರ್ಸಂಗೆ ಅಂದಿದ್ದು ಕಣೋ ಸಿದ್ದಣ್ಣ." ಅವನ ಬಾಯಲ್ಲಿ ಹರ್ಷ ಯಾವತ್ತೂ ಅರ್ಸನೇ. "ಗೊತ್ತು ಕಣೋ, ಗೊತ್ತು" ಅಂದೆ. ನಾನು ಅಳುತ್ತಿದ್ದೆ. ಬೆರಳುಗಳಲ್ಲಿ ಸೇರಿಸಲಿಕ್ಕೆ ಏನೂ ಉಳಿದಿಲ್ಲ ಅಂತ ಡಾಕ್ಟರು ಹೇಳಿದರು.

ಮೂರನೇ ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಹರ್ಷ ಆಗಲೇ ಬರೆದುಕೊಟ್ಟಿದ್ದ: ಎಂಜಿನ್ ಸದ್ದಿನಲ್ಲಿ ತನಗೆ ಏನೂ ಕೇಳಿಸಲಿಲ್ಲ ಅಂತ. ಅದು ನಿಜ. ಆ ಕೂಗು ಕೇಳಿಸಿಕೊಂಡವನು ನಾನೊಬ್ಬನೇ. ಅದನ್ನು ಇದ್ದಂತೆ ಹೇಳಿದೆ.

"ನೋಡು ಸಿದ್ದೇಶ್ವರ," ಅಂದರು ಚಂದ್ರಶೇಖರಯ್ಯನವರು, "ನೀನು ಬಿಟ್ಟೆ ಅಂದ್ರೆ ನಿನ್ನ ತಪ್ಪು. ಅವನು ಕೂಗಿದ, ನೀನು ತಪ್ಪು ತಿಳ್ಕೊಂಡೆ ಅಂದ್ರೆ, ಸರಿಯಾದ ತರಬೇತಿ ಕೊಟ್ಟಿಲ್ಲ ಅಂತ ಕಾಲೇಜಿನ ತಪ್ಪು. ಅವನ ಜವಾಬ್ದಾರಿ ನಾವು ಹೊರಬೇಕು, ಕೆಲಸವನ್ನೂ ಕೊಡಬೇಕು. ಅವನೇ ಓಡ್ತಿರೋ ಫ್ಯಾನಿಗೆ ಕೈ ಹಾಕಿದ ಅನ್ನೋದು ಸುಳ್ಳೇನಲ್ಲವಲ್ಲ? ಯೋಚನೆ ಮಾಡು. ಪೋಸ್ಟಂತೂ ಇನ್ನೂ ಖಾಲಿ ಇದೆ."

ಅವರು ಬೆದರಿಸಲಿಲ್ಲ. ಕಾಫಿ ತರಿಸಿದರು. ನಾನು ಕಾಫಿ ಕುಡಿದು ಬರೆದೆ: "ವಿಮಾನವು ನನ್ನ ಕೈಯಿಂದ ಜಾರಿತು. ಶಾಂತರಾಜು ರವರು ಯಾವುದೇ ಸೂಚನೆ ನೀಡಿರುವುದಿಲ್ಲ. ದುಡುಕಿನಿಂದ ತಾವೇ ಮುಂದೆ ಬಂದು ಕೈ ಹಾಕಿರುತ್ತಾರೆ." ಆ ಪದವನ್ನು ಯಾರೂ ಹೇಳಿಕೊಡಲಿಲ್ಲ. ನಾನೇ ಹುಡುಕಿ ಹಾಕಿದ್ದು. ಒಂದು ತಿಂಗಳಲ್ಲಿ, ಸ್ವಂತ ಅಜಾಗರೂಕತೆಯಿಂದ ಆದ ಗಾಯವೆಂದು ಬರೆದು, ಅವನ ಸೇವೆಯ ಅಗತ್ಯವಿಲ್ಲವೆಂದು ಪತ್ರ ಕಳಿಸಿದರು. ನನ್ನ ಹೇಳಿಕೆಯ ಪ್ರತಿ ಅದರ ಜೊತೆಗಿತ್ತು.

ನಾನು ದುದ್ದಕ್ಕೆ ಹೋದದ್ದು ಅದಾದ ಮೂರು ವಾರಕ್ಕೆ, ಒಂದು ಭಾನುವಾರ ಬೆಳಿಗ್ಗೆ. ಎಲ್ಲ ಹೇಳಿ, ಬಯ್ಯಿಸಿಕೊಂಡು ಬರೋಣ ಅಂತ ಹೋದೆ. ಅವನು ಜಗುಲಿಯ ಮೇಲೆ ಕೂತು ಎಡಗೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಯಾರದೋ ಮೊಪೆಡ್ಡಿನ ಕಾರ್ಬೊರೇಟರಿನ ಜೊತೆ ಗುದ್ದಾಡುತ್ತಿದ್ದ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ. ತಿರುಪು ಜಾರಿ ಜಾರಿ ನೆಲಕ್ಕೆ ಬೀಳುತ್ತಿತ್ತು. ಅವನು ಕಾರ್ಬೊರೇಟರಿಗೆ ಬಯ್ಯುತ್ತಿರಲಿಲ್ಲ.

ನನ್ನನ್ನು ನೋಡಿ ಎದ್ದು ನಿಂತ. "ಬನ್ನಿ ಸಿದ್ದೇಶ್ವರ್ ಅವ್ರೇ, ಕೂತ್ಕಳಿ" ಅಂದ.

ಬನ್ನಿ! ಹನ್ನೆರಡು ವರ್ಷದಲ್ಲಿ, ತಮಾಷೆಗೆ ಬಿಟ್ಟರೆ, ಒಂದು ದಿನವೂ ಅವನು ನನಗೆ ಬಹುವಚನ ಹಚ್ಚಿದವನಲ್ಲ. ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. "ಶಾಂತ, ಬಯ್ಯೋ ಮಾರಾಯ, ಉಗಿ ಬೇಕಾದ್ರೆ" ಅಂದೆ. "ನಾನ್ ಬರೆದಿದ್ದು ಸುಳ್ಳು. ನೀನು ಬುಡು ಅಂದೆ, ನಾನು ತಪ್ಪು ತಿಳ್ಕೊಂಡು ಬಿಟ್ಟೆ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಮಾತಾಡಿದ್ದು ಯಶೋಧರಾ. ಬಾಗಿಲಲ್ಲೇ ನಿಂತಿದ್ದಳು. "ಎಲ್ಲೂ ಬರೋದ್ ಬ್ಯಾಡ ಅಣ್ಣ. ಅಲ್ಲಿ ಬರ್ದಂಗೇ ಇಲ್ಲೂ ಬರ್ಕೊಟ್ಬುಡಿ. ಕೈ ಬುಟ್ಟಿದ್ದು ತಪ್ಪಲ್ಲ, ಯಾರಿಗಾದ್ರೂ ಆಯ್ತದೆ. ಸುಳ್ ಬರ್ದಿದ್ದು ತಪ್ಪು." ಒಳಗೆ ಹೋಗಿ ಮಗಳ ಶಾಲೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ತಂದು, ಪೆನ್ನಿನ ಜೊತೆ ನನ್ನ ಮುಂದಿಟ್ಟಳು. "ಪೋಸ್ಟ್ ಆರ್ಡರ್ ಇನ್ನೂ ಆಗಿಲ್ವಂತಲ್ಲ. ಈಗ ಬರುದ್ರೆ ಕಾಲೇಜಿನ ಮ್ಯಾಲಿನ ಇವ್ರ ಕೇಸು ಗಟ್ಟಿಯಾಯ್ತದೆ ಅಂತ ವಕೀಲ್ರು ಅಂದವ್ರೆ."

ನಾನು ಪೆನ್ನು ತೆಗೆದುಕೊಂಡೆ. 'ಗೆ, ಪ್ರಾಂಶುಪಾಲರು' ಅಂತ ಬರೆದೆ. ದಿನಾಂಕ ಹಾಕಿದೆ. 'ವಿಷಯ' ಅಂತ ಬರೆದು ಎರಡು ಚುಕ್ಕಿ ಇಟ್ಟೆ. ಶಾಂತರಾಜು ನನ್ನ ಕೈಯನ್ನೇ ನೋಡುತ್ತಿದ್ದ. ನನಗೆ ನನ್ನ ಬಾಡಿಗೆ ಮನೆ, ಮದುವೆ ವಯಸ್ಸಿಗೆ ಬಂದ ತಂಗಿ, ನಲವತ್ತರ ಮೇಲೆ ಇನ್ನೊಂದು ಕಡೆ ದಿನಗೂಲಿ, ಎಲ್ಲ ಸಾಲಾಗಿ ಕಣ್ಣ ಮುಂದೆ ಬಂತು. "ಒಂದ್ಸಲ ಮನೇಲಿ ಯೋಚನೆ ಮಾಡಿ, ನೀಟಾಗಿ ಟೈಪ್ ಮಾಡ್ಸಿ ನಾಳೆ ತಂದುಕೊಡ್ತೀನಿ" ಅಂದೆ.

"ಆಯ್ತು, ಓಗ್ಬನ್ನಿ" ಅಂದ ಶಾಂತರಾಜು. ಯಶೋಧರಾ ಹಾಳೆಯನ್ನು ಎತ್ತಿಕೊಳ್ಳಲಿಲ್ಲ. ಅದು ಜಗುಲಿಯ ಮೇಲೆಯೇ ಇತ್ತು, ನಾನು ಚಪ್ಪಲಿ ಮೆಟ್ಟುವಾಗಲೂ.

ಆ ನಾಳೆ ಬರಲಿಲ್ಲ. ಹದಿನೈದು ದಿನಕ್ಕೆ ಚಂದ್ರಶೇಖರಯ್ಯನವರು ನನ್ನನ್ನು ಕರೆದು ಖಾಯಂ ಆದೇಶ ಕೊಟ್ಟರು. ರಿಜಿಸ್ಟರಿನಲ್ಲಿ ಸಹಿ ಮಾಡಿದೆ, ದಿನಾಂಕ ಹಾಕಿದೆ.